ನೀರೊಳಗಿನ ಗಿಡಕ್ಕೆ ಗಾಳಿಯ ಊಟ

ತಳುಕಿನ ವೆಂಕಣ್ಣಯ್ಯನವರ ಊರಿನಿಂದ ಒಬ್ಬ ಕನ್ನಡ ಪಂಡಿತ ಬಾನುಲಿಯಲ್ಲಿ ಮಾತನಾಡುತ್ತಾನೆಂದರೆ, ಹಳಗನ್ನಡದ ಯಾವುದಾದರೊಂದು ಪದ್ಯವನ್ನು ಬಿಡಿಸಿ ಹೇಳುವನೆಂದು ಕೇಳುಗರು ಎದುರು ನೋಡುವುದು ಸಹಜ. ಆದರೆ ಈ ಹೊತ್ತು ನಾನು ಹೇಳಹೊರಟಿರುವುದು ಸೋಡಾ ಅಂಗಡಿಯ ಗ್ಯಾಸಿಗೂ ಮೀನಿನ ತೊಟ್ಟಿಯ ಗಿಡಕ್ಕೂ ಇರುವ ನಂಟಿನ ಸಂಗತಿ. ಪಂಡಿತನಿಗೆ ಈ ಗೊಡವೆ ಏಕೆಂದು ಕೇಳುವವರಿಗೆ ಉತ್ತರ ಸುಲಭ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹಳೆಯ ವಿದ್ಯಾರ್ಥಿಯೊಬ್ಬ ನಮ್ಮ ಶಾಲೆಗೆ ಮೂರಡಿ ಉದ್ದದ ಗಾಜಿನ ತೊಟ್ಟಿಯೊಂದನ್ನು ಕಳುಹಿಸಿಕೊಟ್ಟ. ಅದನ್ನಿಡಲು ಜಾಗ ಸಿಕ್ಕಿದ್ದು ಪುಸ್ತಕಭಂಡಾರದಲ್ಲಿ. ಪುಸ್ತಕಭಂಡಾರದ ಬೀಗದ ಕೈ ಇರುವುದು ನನ್ನಲ್ಲಿ. ಹೀಗೆ ನಾನು ಮೀನು ಸಾಕುವವನಾದೆ.

ತೊಟ್ಟಿಯ ತಳಕ್ಕೆ ಮರಳು ಹಾಸಿ, ನೀರು ತುಂಬಿ, ಎರಡು ಬಗೆಯ ಗಿಡಗಳನ್ನು ನೆಟ್ಟೆವು. ಒಂದು ಹಿರಿಯೂರಿನ ಕಡೆಯ ನಾಲೆಯಿಂದ ಹುಡುಗರು ತಂದ ಹೈಡ್ರಿಲ್ಲಾ. ಇನ್ನೊಂದು ತೊಟ್ಟಿಯ ಜೊತೆಗೇ ಬಂದ ಕೆಂಪೆಲೆಯ ರೊಟಾಲಾ. ರೊಟಾಲಾ ಮ್ಯಾಕ್ರಾಂಡ್ರಾ ಎಂಬ ಈ ಗಿಡ ದಕ್ಷಿಣ ಭಾರತದ್ದೇ. ನಮ್ಮ ನೆಲದ ಈ ಚೆಲುವೆಯನ್ನು ಇಂದು ಜಪಾನು, ಜರ್ಮನಿಗಳ ಮನೆಗಳಲ್ಲಿಯೂ ಗಾಜಿನೊಳಗೆ ಬೆಳೆಸುತ್ತಾರೆ. ಸೊಳ್ಳೆಮರಿಗಳನ್ನು ತಿನ್ನಲೆಂದು ಆರೋಗ್ಯ ಇಲಾಖೆಯವರು ನೀರಿನ ತೊಟ್ಟಿಗಳಿಗೆ ಬಿಡುತ್ತಾರಲ್ಲ, ಆ ಗಪ್ಪಿ ಮೀನುಗಳಲ್ಲಿ ಹದಿನಾಲ್ಕನ್ನು ತಂದು ಬಿಟ್ಟೆವು. ಮೇಲೊಂದು ಒಳ್ಳೆಯ ದೀಪ ತೂಗುಹಾಕಿದೆವು.

ಒಂದು ತಿಂಗಳಲ್ಲಿ ಹೈಡ್ರಿಲ್ಲಾ ತೊಟ್ಟಿಯ ಅರ್ಧವನ್ನು ಆಕ್ರಮಿಸಿತು. ರೊಟಾಲಾದ ಎಲೆಗಳು ಮೊದಲು ಬಿಳಿಚಿ, ಆಮೇಲೆ ಕಿರಿದಾಗಿ, ಕೊನೆಗೆ ಕಾಂಡವೇ ಕರಗಿಹೋಯಿತು. ಅದರ ಮೇಲೆಲ್ಲ ಕಪ್ಪು ಪಾಚಿ. ಗೊಬ್ಬರ ಸಾಲದೆಂದು ಗೊಬ್ಬರ ಹಾಕಿದೆ, ಪಾಚಿ ಹೆಚ್ಚಿತು. ಬೆಳಕು ಸಾಲದೆಂದು ದೀಪವನ್ನು ಹೆಚ್ಚು ಹೊತ್ತು ಉರಿಸಿದೆ. ಪಾಚಿ ಮತ್ತಷ್ಟು ಹೆಚ್ಚಿತು. ಗಿಡಕ್ಕೆ ಇದ್ದ ಕೊರತೆ ಗೊಬ್ಬರದ್ದಲ್ಲ, ಬೆಳಕಿನದಲ್ಲ, ಗಾಳಿಯದು.

ನಾವು ಉಸಿರು ಬಿಡುವಾಗ ಹೊರಬರುವ ಗಾಳಿಯನ್ನು ಹಳೆಯ ಪುಸ್ತಕಗಳು ಅಂಗಾರಾಮ್ಲ ವಾಯುವೆಂದು ಕರೆಯುತ್ತಿದ್ದವು. ಇಂದಿನ ಪಠ್ಯಗಳಲ್ಲಿ ಅದು ಇಂಗಾಲದ ಡೈಆಕ್ಸೈಡು. ಗಿಡದ ಒಣತೂಕದಲ್ಲಿ ಸುಮಾರು ಅರ್ಧಪಾಲು ಇಂಗಾಲ. ಅದೆಲ್ಲ ಬರುವುದು ಈ ವಾಯುವಿನಿಂದಲೇ. ನೆಲದ ಗಿಡಕ್ಕೆ ಗಾಳಿ ಬೀಸಿದಷ್ಟೂ ಊಟ ಬಡಿಸಿದಂತೆ. ನೀರೊಳಗಿನ ಗಿಡದ ಪಾಡು ಬೇರೆ. ಈ ವಾಯು ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನವಾಗಿ ನೀರಿನಲ್ಲಿ ಹರಡುತ್ತದೆ. ಬಯಲ ಗಾಳಿಗೆ ತೆರೆದಿಟ್ಟ ಒಂದು ಲೀಟರು ನೀರಿನಲ್ಲಿ ಅದು ಕರಗಿ ನಿಲ್ಲುವುದು ಅರ್ಧ ಮಿಲಿಗ್ರಾಮಿನ ಆಸುಪಾಸು ಮಾತ್ರ. ಹೊಳೆಯಲ್ಲಾದರೋ ನೆಲದೊಳಗಿನಿಂದ ಒಸರುವ ನೀರು ಬೇರುಗಳ, ಮಣ್ಣಿನ ಜೀವಿಗಳ ಉಸಿರನ್ನು ಹೊತ್ತು ತರುತ್ತದೆ. ಹರಿವು ಎಲೆಗೆ ಹೊಸ ನೀರನ್ನು ತಂದು ಮುಟ್ಟಿಸುತ್ತದೆ. ಗಾಜಿನ ತೊಟ್ಟಿಗೆ ಈ ಭಾಗ್ಯವಿಲ್ಲ.

ಹಾಗಾದರೆ ಹೈಡ್ರಿಲ್ಲಾ ಹೇಗೆ ಬದುಕಿತು? ನಮ್ಮ ಕಡೆಯ ಕೊಳವೆಬಾವಿಯ ನೀರು ಗಡಸು. ಬೈಕಾರ್ಬೊನೇಟು ಅದರಲ್ಲಿ ಧಾರಾಳ. ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾಗಳಂಥ ಗಿಡಗಳು ಆ ಬೈಕಾರ್ಬೊನೇಟಿನಿಂದಲೇ ಇಂಗಾಲವನ್ನು ಬಿಡಿಸಿಕೊಳ್ಳಬಲ್ಲವು. ಪ್ರೌಢಶಾಲೆಯಲ್ಲಿ ಹೈಡ್ರಿಲ್ಲಾದ ಪ್ರಯೋಗ ಮಾಡಿದವರಿಗೆ ನೆನಪಿರಬೇಕು: ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿದೊಡನೆ ಗುಳ್ಳೆಗಳು ಬೇಗಬೇಗ ಏಳುತ್ತವೆ. ಗುಟ್ಟು ಅಲ್ಲಿಯೇ ಇದೆ. ಹೀಗೆ ಬಿಡಿಸಿಕೊಂಡ ಮೇಲೆ ಉಳಿದ ಸುಣ್ಣ ಎಲೆಯ ಮೇಲೆ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ನೀರು ಕಾಯಿಸುವ ಪಾತ್ರೆಯೊಳಗೆ ಕಟ್ಟುವ ಬಿಳಿಯ ಪದರದಂತೆಯೇ. ರೊಟಾಲಾದಂಥ ಮೆದುನೀರಿನ ಗಿಡಗಳಿಗೆ ಈ ಕೈಚಳಕ ಬಾರದು. ಅಂತರಗಂಗೆಯದಂತೂ ಬೇರೆಯೇ ಉಪಾಯ: ಬೇರು ನೀರಿನಲ್ಲಿ, ಎಲೆ ಗಾಳಿಯಲ್ಲಿ. ಮುಳುಗಿಯೇ ಇರಬೇಕಾದ ಸಾಧುಗಿಡಕ್ಕೆ ಮಾತ್ರ ನಾವಾಗಿಯೇ ಗಾಳಿಯನ್ನು ಉಣಿಸಬೇಕು.

ಈ ಮಾತು ಹೊಸದಲ್ಲ. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಜೋಸೆಫ್ ಪ್ರೀಸ್ಟ್ಲಿ ಎಂಬ ಪಾದ್ರಿ ಬಿಯರು ತಯಾರಿಸುವ ಕಾರ್ಖಾನೆಯ ಪಕ್ಕದಲ್ಲಿ ಮನೆ ಮಾಡಿದ್ದ. ಹುಳಿಯುವ ತೊಟ್ಟಿಗಳ ಮೇಲೆ ನಿಂತ ವಾಯುವನ್ನು ನೀರಿಗೆ ಬೆರೆಸಿ 1767ರಲ್ಲಿ ಸೋಡಾ ನೀರನ್ನು ಕಂಡುಹಿಡಿದವನು ಆತ. ಉರಿದು ಕೆಟ್ಟ ಗಾಳಿಯನ್ನು ಪುದೀನದ ಒಂದು ಕುಡಿ ಮತ್ತೆ ಹಸನು ಮಾಡುತ್ತದೆಂದು 1771ರಲ್ಲಿ ತೋರಿಸಿದವನೂ ಆತನೇ. ಅವನ ತರುವಾಯ, 1782ರಲ್ಲಿ, ಜಿನೀವಾದ ಪಾದ್ರಿಯೂ ಗ್ರಂಥಪಾಲಕನೂ ಆದ ಜಾನ್ ಸೆನೆಬಿಯೆ, ಕುದಿಸಿದ ನೀರಿನಲ್ಲಿಟ್ಟ ಎಲೆ ಬಿಸಿಲಿನಲ್ಲಿಯೂ ಗುಳ್ಳೆ ಬಿಡುವುದಿಲ್ಲ, ಈ ವಾಯು ಬೆರೆತ ನೀರಿನಲ್ಲಿ ಮಾತ್ರ ಬಿಡುತ್ತದೆ ಎಂಬುದನ್ನು ಸಾಧಿಸಿದ. ಒಬ್ಬ ಧರ್ಮೋಪದೇಶಕ, ಇನ್ನೊಬ್ಬ ಪುಸ್ತಕ ಕಾಯುವವನು. ಇವರನ್ನು ನೆನೆದಾಗ ನನ್ನ ಸಂಕೋಚ ಸ್ವಲ್ಪ ಕಡಮೆಯಾಗುತ್ತದೆ. ನಮ್ಮ ಕಾಲದಲ್ಲಿ ಜಪಾನಿನ ಛಾಯಾಚಿತ್ರಗಾರ ತಕಾಶಿ ಅಮಾನೊ ಗಿಡಗಳೇ ತುಂಬಿದ ತೊಟ್ಟಿಗಳನ್ನು ಜಗತ್ತಿಗೆಲ್ಲ ಪರಿಚಯ ಮಾಡಿಸಿದರು; ಅವರೂ ಮೊದಮೊದಲು ತೊಟ್ಟಿಗೆ ಸೋಡಾ ನೀರನ್ನು ಸುರಿದು ನೋಡಿದವರೇ.

ಈಗ ಕೆಲಸದ ಮಾತಿಗೆ ಬರೋಣ. ತೊಟ್ಟಿಗೆ ಈ ವಾಯುವನ್ನು ಕೊಡಲು ಎರಡು ಮಾರ್ಗಗಳುಂಟು.

ಮೊದಲನೆಯದು ಬಡವರ ಮಾರ್ಗ. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ಇನ್ನೂರು ಗ್ರಾಂ ಸಕ್ಕರೆ, ಒಂದು ಲೀಟರು ಉಗುರುಬೆಚ್ಚನೆಯ ನೀರು, ಅರ್ಧ ಚಮಚ ಬೇಕರಿಯ ಈಸ್ಟು. ಮುಚ್ಚಳಕ್ಕೆ ತೂತು ಕೊರೆದು, ಸೋರದಂತೆ ನಳಿಕೆ ಸೇರಿಸಿ, ಅದರ ತುದಿಯನ್ನು ತೊಟ್ಟಿಯೊಳಗೆ ಇಳಿಬಿಟ್ಟರಾಯಿತು. ಸಕ್ಕರೆ ಹುಳಿಯುತ್ತ ಎರಡು ಮೂರು ವಾರ ಗ್ಯಾಸು ಕೊಡುತ್ತದೆ. ನಡುವೆ ನೀರಿರುವ ಚಿಕ್ಕ ಬಾಟಲಿಯೊಂದನ್ನು ಇಟ್ಟರೆ ಈಸ್ಟಿನ ನೊರೆ ತೊಟ್ಟಿಗೆ ಹೋಗದು. ಎಂದೂ ಮರೆಯಬಾರದ ಮಾತು: ಈ ಬಾಟಲಿಯ ನಳಿಕೆಯನ್ನು ಬಿಗಿದು ಮುಚ್ಚಬಾರದು, ಮುಚ್ಚಿದರೆ ಬಾಟಲಿ ಸಿಡಿಯುತ್ತದೆ. ಇದರ ದೋಷವೂ ಅದೇ. ರಾತ್ರಿ ಬೇಡವೆಂದರೂ ನಿಲ್ಲದು. ಬೇಸಗೆಯಲ್ಲಿ ಅವಸರ, ಚಳಿಯಲ್ಲಿ ಸೋಮಾರಿತನ. ಸಣ್ಣ ತೊಟ್ಟಿಗೆ, ಕಲಿಯುವವರಿಗೆ, ಇಷ್ಟು ಸಾಕು.

ಎರಡನೆಯದು ಸಿಲಿಂಡರು. ನಮ್ಮಲ್ಲಿ ಸೋಡಾ ಮಾಡುವವರು ಇಟ್ಟುಕೊಂಡಿರುವ ಗ್ಯಾಸೂ ಇದೇ. ನಾನು ವಿಚಾರಿಸಲು ಹೋದಾಗ ಸೋಡಾ ಅಂಗಡಿಯವರು ನಕ್ಕು, "ಏನ್ ಮೇಷ್ಟ್ರೆ, ಮೀನಿಗೂ ಸೋಡಾ ಕುಡಿಸ್ತೀರಾ?" ಎಂದರು. ಕುಡಿಸುವುದು ಗಿಡಕ್ಕೆ, ಮೀನಿಗಲ್ಲ ಎಂದೆ. ಆ ಮಾತಿನ ಬೆಲೆ ಎಷ್ಟೆಂಬುದು ಅಂದು ನನಗೇ ತಿಳಿದಿರಲಿಲ್ಲ.

ಸಿಲಿಂಡರಿನೊಳಗೆ ವಾಯು ಒತ್ತಡದಿಂದ ದ್ರವವಾಗಿರುತ್ತದೆ. ಅದರ ಬಾಯಿಗೆ ರೆಗ್ಯುಲೇಟರು. ಅದರಲ್ಲಿ ಎರಡು ಮುಳ್ಳುಗಳು: ಒಂದು ಒಳಗಿನ ಒತ್ತಡಕ್ಕೆ, ಇನ್ನೊಂದು ಹೊರಬರುವ ಒತ್ತಡಕ್ಕೆ. ಹೊರಬರುವುದನ್ನು ಒಂದರಿಂದ ಎರಡು ಬಾರ್ ಒಳಗೆ ಇಟ್ಟುಕೊಳ್ಳಬೇಕು. ಅದರ ಮುಂದೆ ಸೂಜಿಮೊನೆಯ ವಾಲ್ವು; ಕೂದಲೆಳೆಯಷ್ಟು ತಿರುಗಿಸಿ ಗ್ಯಾಸನ್ನು ಹದಗೊಳಿಸುವುದು ಇದರಿಂದ. ಆಮೇಲೆ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವು, ಗುಳ್ಳೆ ಎಣಿಸುವ ಪುಟ್ಟ ಬುಡ್ಡಿ, ಕೊನೆಗೆ ತೊಟ್ಟಿಯೊಳಗೆ ಗ್ಯಾಸನ್ನು ಮಂಜಿನಂತೆ ಪುಡಿಗುಳ್ಳೆಯಾಗಿಸುವ ಪಿಂಗಾಣಿಯ ಬಿಲ್ಲೆ. ಬಿಲ್ಲೆಯನ್ನು ನೀರಿನ ತಳದಲ್ಲಿ, ಪಂಪಿನ ಹರಿವಿನ ಎದುರಿಗೆ ಇಡಬೇಕು. ಗುಳ್ಳೆ ಮೇಲೇರುವಷ್ಟರಲ್ಲಿ ಕರಗಲು ಸಮಯ ಸಿಗಬೇಕಲ್ಲವೆ? ಎಲ್ಲ ಜೋಡಿಸಿದ ಮೇಲೆ ಒಂದೊಂದು ಸಂದಿಗೂ ಸೋಪಿನ ನೀರು ಹಚ್ಚಿ ನೋಡಿರಿ. ಗುಳ್ಳೆ ಎದ್ದಲ್ಲಿ ಸೋರುತ್ತಿದೆ ಎಂದರ್ಥ.

ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯವರಿಗೆ ಇಲ್ಲೊಂದು ವಿಶೇಷ ಎಚ್ಚರಿಕೆ. ಸುಮಾರು 31 ಡಿಗ್ರಿ ಸೆಲ್ಸಿಯಸ್ ದಾಟಿದರೆ ಎಷ್ಟೇ ಅದುಮಿದರೂ ಈ ವಾಯು ದ್ರವವಾಗಿ ನಿಲ್ಲುವುದಿಲ್ಲ. 20 ಡಿಗ್ರಿಯಲ್ಲಿ ಸಿಲಿಂಡರಿನ ಒತ್ತಡ ಸುಮಾರು 57 ಬಾರ್. 31ರ ಹತ್ತಿರ 74. ಅದರ ಮೇಲೆ ಬಿಸಿಲೇರಿದಂತೆ ಒತ್ತಡವೂ ಏರುತ್ತಲೇ ಹೋಗುತ್ತದೆ. ನಮ್ಮ ಏಪ್ರಿಲಿನ ಮಧ್ಯಾಹ್ನ ಎಂಥದೆಂದು ನಾನು ಹೇಳಬೇಕಾಗಿಲ್ಲ. ಆದುದರಿಂದ ಸಿಲಿಂಡರನ್ನು ಬಿಸಿಲಿಗಾಗಲಿ ತಗಡಿನ ಮಾಡಿನ ಕೆಳಗಾಗಲಿ ಇಡಬಾರದು. ಭರ್ತಿ ಮಾಡಿಸುವಾಗ ತೂಕಕ್ಕಿಂತ ಒಂದು ಗುಂಜಿಯೂ ಹೆಚ್ಚು ಬೇಡ. ಮೈಮೇಲೆ ಕೊರೆದಿರುವ ಪರೀಕ್ಷೆಯ ತಾರೀಖು ಮೀರಿದ ಹಳೆಯ ಸಿಲಿಂಡರನ್ನು ಅಗ್ಗವೆಂದು ಕೊಳ್ಳಬೇಡಿ. ಅದನ್ನು ನೆಟ್ಟಗೆ ನಿಲ್ಲಿಸಿ, ಗೋಡೆಗೆ ಕಟ್ಟಬೇಕು. ಮಲಗಿಸಿದರೆ ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ. ಇನ್ನೊಂದು ಮಾತು: ಒಳಗೆ ದ್ರವ ಇರುವ ತನಕ ಒತ್ತಡದ ಮುಳ್ಳು ಉಷ್ಣವನ್ನು ಹೇಳುತ್ತದೆಯೇ ಹೊರತು ಎಷ್ಟು ಉಳಿದಿದೆ ಎಂಬುದನ್ನಲ್ಲ. ಅದನ್ನು ತಿಳಿಯಲು ತಕ್ಕಡಿಯೇ ಗತಿ.

ಸೋರಿದರೆ ಏನಾಗುತ್ತದೆ? ಹಿಂದೆ ನಮ್ಮ ಹಿರಿಯರು ಕಾಳನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ಹಗೇವಿನ ಬಾಯಿ ತೆಗೆದೊಡನೆ ಯಾರೂ ಒಳಗಿಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುವುದು. ಕಾಳು ಉಸಿರಾಡಿ ಬಿಟ್ಟ ಈ ವಾಯು ಗಾಳಿಗಿಂತ ಒಂದೂವರೆ ಪಟ್ಟು ಭಾರ, ತಳದಲ್ಲಿ ಕುಳಿತಿರುತ್ತದೆ. ಎರಡು ಕಿಲೋ ಗ್ಯಾಸು ಒಮ್ಮೆಗೇ ಸೋರಿದರೆ ಸಾವಿರದ ನೂರು ಲೀಟರಿಗೂ ಮಿಕ್ಕ ವಾಯುವಾಗುತ್ತದೆ. ಉದ್ದ, ಅಗಲ, ಎತ್ತರ ಹತ್ತಡಿ ಇರುವ ಮುಚ್ಚಿದ ಕೋಣೆಯ ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲು. ಮನುಷ್ಯನಿಗೆ ಅಪಾಯವಾಗುವಷ್ಟು. ಆದ್ದರಿಂದ ಸಿಲಿಂಡರು ಮಲಗುವ ಕೋಣೆಯಲ್ಲಿ ಬೇಡ, ಕಿಟಕಿ ತೆರೆದಿರಲಿ, ಮಕ್ಕಳ ಕೈಗೆ ವಾಲ್ವು ಸಿಗದಿರಲಿ.

ಜೋಡಿಸುವುದು ಅರ್ಧ ದಿನದ ಕೆಲಸ. ಹದಗೊಳಿಸುವುದೇ ವಿದ್ಯೆ. ನೀರಿನಲ್ಲಿ ಗ್ಯಾಸು ಎಷ್ಟು ಕರಗಿದೆಯೆಂದು ಕಣ್ಣಿಗೆ ಕಾಣುವುದಿಲ್ಲ. ಗಿಡಕ್ಕೆ ಲೀಟರಿಗೆ ಇಪ್ಪತ್ತರಿಂದ ಮೂವತ್ತು ಮಿಲಿಗ್ರಾಂ ಇದ್ದರೆ ಹಿತ. ಅದಕ್ಕಿಂತ ಮೇಲೇರಿದಷ್ಟೂ ಮೀನಿಗೆ ಕಷ್ಟ. ಇದನ್ನು ತಿಳಿಯಲು ಡ್ರಾಪ್ ಚೆಕರ್ ಎಂಬ ಗಾಜಿನ ಬುಡ್ಡಿಯೊಂದುಂಟು. ಅದರಲ್ಲಿ ಬ್ರೋಮೊಥೈಮಾಲ್ ಬ್ಲೂ ಎಂಬ ಬಣ್ಣ ಬೆರೆಸಿದ ದ್ರವವನ್ನು ಹಾಕಿ, ಬಾಯಿ ಕೆಳಗಾಗಿ ತೊಟ್ಟಿಯೊಳಗೆ ಅಂಟಿಸುತ್ತಾರೆ. ದ್ರವಕ್ಕೂ ತೊಟ್ಟಿಯ ನೀರಿಗೂ ನಡುವೆ ಒಂದಿಷ್ಟು ಗಾಳಿ. ನೀರಿನ ಗ್ಯಾಸು ಆ ಗಾಳಿಯನ್ನು ದಾಟಿ ದ್ರವಕ್ಕೆ ಸೇರುತ್ತದೆ. ನೀಲಿಯಾದರೆ ಗ್ಯಾಸು ಕಡಮೆ, ಹಸಿರಾದರೆ ಸರಿ, ಹಳದಿಯಾದರೆ ಅತಿ.

ನಾನು ಎಡವಿದ್ದು ಇಲ್ಲಿಯೇ. ಬುಡ್ಡಿಯ ಜೊತೆಗೆ ಬಣ್ಣದ ಸೀಸೆಯಿತ್ತು. ಬೆರೆಸಬೇಕಾದ ನೀರು ಯಾವುದೆಂದು ನಾನು ವಿಚಾರಿಸಲಿಲ್ಲ. ತೊಟ್ಟಿಯ ನೀರನ್ನೇ ತುಂಬಿದೆ. ಮೊದಲ ದಿನ ನೀಲಿ. ವಾಲ್ವನ್ನು ತುಸು ತಿರುಗಿಸಿದೆ. ಎರಡನೆಯ ದಿನವೂ ನೀಲಿ. ಇನ್ನೂ ತುಸು. ಮೂರನೆಯ ದಿನ ಮಧ್ಯಾಹ್ನ, ನಾನು ಹತ್ತನೆಯ ತರಗತಿಯಲ್ಲಿದ್ದೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು, "ಸಾರ್, ಮೀನೆಲ್ಲಾ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡ್ತಾ ಇದಾವೆ. ಹಸಿವಾಗೈತೇನೋ" ಎಂದಳು. "ಬೆಳಿಗ್ಗೆ ಹಾಕಿದೀನಮ್ಮ, ಹೋಗು" ಎಂದು ಕಳಿಸಿಬಿಟ್ಟೆ. ಗಂಟೆ ಹೊಡೆದ ಮೇಲೆ ಹೋಗಿ ನೋಡಿದರೆ ಬುಡ್ಡಿ ಚೆಂದದ ಹಸಿರಾಗಿತ್ತು. ಒಂದು ಕ್ಷಣ ಸಂತೋಷವೂ ಆಯಿತು. ಕಣ್ಣು ಕೆಳಗಿಳಿಸಿದಾಗ ಹನ್ನೊಂದು ಮೀನುಗಳು ಮರಳಿನ ಮೇಲೆ ಮಗ್ಗುಲಾಗಿ ಬಿದ್ದಿದ್ದವು.

ಕಾರಣವನ್ನು ಆಮೇಲೆ ವಿಜ್ಞಾನದ ಮೇಷ್ಟ್ರು ಲೆಕ್ಕ ಹಾಕಿ ತೋರಿಸಿದರು. ಆ ಬಣ್ಣ ಮೂವತ್ತು ಮಿಲಿಗ್ರಾಮಿಗೆ ಹಸಿರಾಗಬೇಕಾದರೆ ಬುಡ್ಡಿಯ ನೀರಿನ ಕಾರ್ಬೊನೇಟ್ ಗಡಸುತನ ಸರಿಯಾಗಿ ನಾಲ್ಕು ಡಿಗ್ರಿ ಇರಬೇಕು. ನಮ್ಮ ಕೊಳವೆಬಾವಿಯ ನೀರಿನದು ಹದಿನಾರು. ಗಡಸುತನ ನಾಲ್ಕು ಪಟ್ಟಾದರೆ ಅದೇ ಹಸಿರು ಬರಲು ಗ್ಯಾಸೂ ನಾಲ್ಕು ಪಟ್ಟು ಬೇಕು. ಎಂದರೆ ಲೀಟರಿಗೆ ನೂರಿಪ್ಪತ್ತು ಮಿಲಿಗ್ರಾಂ. ಮೀನು ತನ್ನ ರಕ್ತದ ಈ ವಾಯುವನ್ನು ಕಿವಿರಿನ ಮೂಲಕ ನೀರಿಗೆ ಬಿಡಬೇಕು. ನೀರೇ ಅದರಿಂದ ತುಂಬಿದ್ದರೆ ಬಿಡುವುದೆಲ್ಲಿಗೆ? ರಕ್ತ ಹುಳಿಯಾಗುತ್ತದೆ; ಆಮ್ಲಜನಕವನ್ನು ಹಿಡಿಯುವ ಶಕ್ತಿ ಕುಂದುತ್ತದೆ. ಸುತ್ತಲೂ ಆಮ್ಲಜನಕವಿದ್ದೇ ಮೀನು ಉಸಿರುಗಟ್ಟುತ್ತದೆ. ಬಣ್ಣವನ್ನು ನಂಬಿದೆ, ಬಾಯಿ ತೆರೆದು ಹೇಳುತ್ತಿದ್ದ ಮೀನನ್ನೂ, ಅದನ್ನು ಕಂಡು ಬಂದು ಹೇಳಿದ ಮಗುವನ್ನೂ ನಂಬಲಿಲ್ಲ.

ಸರಿಯಾದ ನೀರನ್ನು ಶಾಲೆಯ ಪ್ರಯೋಗಶಾಲೆಯಲ್ಲಿಯೇ ಮಾಡಿಕೊಳ್ಳಬಹುದು. ಒಂದು ಲೀಟರು ಬಟ್ಟಿ ಇಳಿಸಿದ ನೀರಿಗೆ 1.2 ಗ್ರಾಂ ಅಡುಗೆ ಸೋಡಾ ಕರಗಿಸಬೇಕು. ಅದರಲ್ಲಿ ನೂರು ಮಿಲಿಲೀಟರು ತೆಗೆದು, ಬಟ್ಟಿ ಇಳಿಸಿದ ನೀರನ್ನೇ ಸೇರಿಸಿ ಮತ್ತೆ ಒಂದು ಲೀಟರು ಮಾಡಬೇಕು. ಇದೇ ನಾಲ್ಕು ಡಿಗ್ರಿಯ ನೀರು. ಬುಡ್ಡಿಯೊಳಗೆ ಇದನ್ನು ತುಂಬಿದರೆ ತೊಟ್ಟಿಯ ನೀರು ಎಷ್ಟೇ ಗಡಸಾಗಿದ್ದರೂ ಬಣ್ಣ ಸುಳ್ಳು ಹೇಳುವುದಿಲ್ಲ. ಆದರೆ ಅದು ತಡವಾಗಿ ಹೇಳುತ್ತದೆ. ಈಗ ಕಾಣುವ ಬಣ್ಣ ಒಂದೆರಡು ಗಂಟೆಯ ಹಿಂದಿನ ಸುದ್ದಿ.

ಹೀಗಾಗಿ ಹದಗೊಳಿಸುವುದಕ್ಕೆ ಒಂದು ವಾರ ಬೇಕೆಂದು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಿ. ನಮ್ಮ ತೊಟ್ಟಿ ಹಿಡಿಯುವ ನೀರು ಸುಮಾರು ನೂರು ಲೀಟರು. ಅದಕ್ಕೆ ಎರಡು ಸೆಕೆಂಡಿಗೆ ಒಂದು ಗುಳ್ಳೆಯಿಂದ ಆರಂಭಿಸಿದೆವು. ಎರಡು ದಿನ ವಾಲ್ವನ್ನು ಮುಟ್ಟಲಿಲ್ಲ. ಆಮೇಲೆ ನಿಮಿಷಕ್ಕೆ ಹತ್ತು ಗುಳ್ಳೆ ಹೆಚ್ಚಿಸಿ ಮತ್ತೆ ಎರಡು ದಿನ ಕಾದೆವು. ಒಬ್ಬರ ಗುಳ್ಳೆಯ ಲೆಕ್ಕ ಇನ್ನೊಬ್ಬರಿಗೆ ಹೊಂದದು. ಬುಡ್ಡಿಯ ಬಾಯಿ ಬೇರೆ, ನೀರಿನ ಅಲೆ ಬೇರೆ. ಲೆಕ್ಕ ಬೇಕಾಗುವುದು ನಮ್ಮ ನಿನ್ನೆಗೂ ನಮ್ಮ ಇಂದಿಗೂ ಹೋಲಿಸಲು. ವಾಲ್ವನ್ನು ಹೆಚ್ಚಿಸುವುದು ರಜಾದ ದಿನ ಬೆಳಿಗ್ಗೆ, ನಾವು ಎದುರಿಗೆ ಕುಳಿತಿರುವಾಗ ಮಾತ್ರ. ಸಂಜೆ ಮನೆಗೆ ಹೊರಡುವ ಮುನ್ನ ಎಂದಿಗೂ ಅಲ್ಲ.

ಹೊತ್ತಿನ ನಿಯಮವೂ ಉಂಟು. ದೀಪ ಹತ್ತುವ ಒಂದೆರಡು ಗಂಟೆ ಮೊದಲು ಗ್ಯಾಸು ಆರಂಭವಾಗಬೇಕು, ಆರುವ ಒಂದು ಗಂಟೆ ಮೊದಲು ನಿಲ್ಲಬೇಕು. ಕತ್ತಲಲ್ಲಿ ಗಿಡ ಊಟ ಮಾಡುವುದಿಲ್ಲ. ನಮ್ಮಂತೆಯೇ ಉಸಿರಾಡುತ್ತ ಅದೇ ವಾಯುವನ್ನು ಹೊರಗೆ ಬಿಡುತ್ತದೆ. ಗಡಿಯಾರಕ್ಕೆ ಜೋಡಿಸಿದ ವಿದ್ಯುತ್ ವಾಲ್ವು ಈ ಕೆಲಸವನ್ನು ತಾನೇ ಮಾಡುತ್ತದೆ. ಕರೆಂಟು ಹೋದಾಗ ಅದು ಮುಚ್ಚಿಕೊಳ್ಳುವ ಬಗೆಯದೇ ಎಂಬುದನ್ನು ಕೊಳ್ಳುವಾಗಲೇ ನೋಡಿಕೊಳ್ಳಿ. ನಮ್ಮ ಊರುಗಳಲ್ಲಿ ಇದು ಮುಖ್ಯ. ನೀರಿನ ಮೇಲ್ಮೈ ಸದಾ ಮೆಲ್ಲಗೆ ಅಲುಗುತ್ತಿರಲಿ. ಸ್ವಲ್ಪ ಗ್ಯಾಸು ಹಾರಿಹೋಗುವುದು ನಿಜ. ಆದರೆ ಮೀನಿಗೆ ಆಮ್ಲಜನಕ ಒದಗುವುದೂ ಆ ದಾರಿಯಿಂದಲೇ. ಮೀನು ಮೇಲೆ ಬಂದು ಬಾಯಿ ಬಿಟ್ಟರೆ ಒಡನೆ ಗ್ಯಾಸು ನಿಲ್ಲಿಸಿ, ಗಾಳಿಯ ಪಂಪು ಹಾಕಿ, ಮೊದಲೇ ತುಂಬಿಟ್ಟು ಕ್ಲೋರಿನ್ ಹಾರಿಹೋದ ನೀರಿನಿಂದ ತೊಟ್ಟಿಯ ಅರ್ಧ ನೀರನ್ನು ಬದಲಿಸಿ. ಕಾರಣ ಹುಡುಕುವುದು ಆಮೇಲಾಗಲಿ.

ಎಲ್ಲರಿಗೂ ಈ ಸಿಲಿಂಡರು ಬೇಕೇ? ಬೇಡ. ಮಂದವಾದ ಬೆಳಕು, ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ, ನಾಲ್ಕಾರು ಮೀನು, ಇಷ್ಟಿದ್ದರೆ ನಮ್ಮ ಗಡಸು ನೀರಿನಲ್ಲಿಯೇ ತೊಟ್ಟಿ ಹಸಿರಾಗಿರುತ್ತದೆ. ಬೆಳಕು ಹೆಚ್ಚಿಸಿದರೆ ಗ್ಯಾಸೂ ಬೇಕು. ಗ್ಯಾಸು ಹೆಚ್ಚಿದರೆ ಗೊಬ್ಬರವೂ ಬೇಕು. ಮೂರರಲ್ಲಿ ಒಂದು ಮುಂದೆ ಓಡಿದರೆ, ಉಳಿದ ಜಾಗದಲ್ಲಿ ಪಾಚಿ ಬಂದು ಕೂರುತ್ತದೆ.

ನಮ್ಮ ತೊಟ್ಟಿಗೆ ಮತ್ತೆ ಮೀನು ಬಿಡುವ ಧೈರ್ಯ ನನಗೆ ಬರಲು ಎರಡು ತಿಂಗಳಾಯಿತು. ಬದುಕಿ ಉಳಿದ ಮೂರು ಗಪ್ಪಿಗಳೇ ಅಷ್ಟರಲ್ಲಿ ಮರಿಹಾಕಿದ್ದವು. ಹೊಸದಾಗಿ ತರಿಸಿದ ರೊಟಾಲಾ ಈಗ ಒಂದು ಗೇಣು ಮೇಲೆದ್ದು, ಮಧ್ಯಾಹ್ನದ ಹೊತ್ತಿಗೆ ಎಲೆಯಂಚಿನಲ್ಲಿ ಮುತ್ತಿನಂಥ ಗುಳ್ಳೆಗಳನ್ನು ಕಟ್ಟಿಕೊಂಡು ನಿಲ್ಲುತ್ತದೆ. ತೊಟ್ಟಿಯ ಪಕ್ಕದಲ್ಲಿ ಒಂದು ನೋಟುಪುಸ್ತಕವಿದೆ. ಗುಳ್ಳೆ ಎಷ್ಟು, ಬುಡ್ಡಿಯ ಬಣ್ಣ ಯಾವುದು, ಮೀನು ಹೇಗಿದೆ ಎಂದು ದಿನಕ್ಕೆರಡು ಸಲ ಅದರಲ್ಲಿ ಬರೆಯುವವಳು ಅಂದು ಬಾಗಿಲಲ್ಲಿ ನಿಂತಿದ್ದ ಆ ಹುಡುಗಿ. ಮೂರು ಕಾಲಂಗಳನ್ನು ನಾನು ಹಾಕಿಕೊಟ್ಟಿದ್ದೆ. ಮೀನಿನ ಕಾಲಂ ಕೊನೆಯಲ್ಲಿತ್ತು. ಅವಳು ಹೊಸ ಪುಟಕ್ಕೆ ಗೆರೆ ಎಳೆಯುವಾಗ ಅದನ್ನು ಮೊದಲಿಗೆ ತಂದಿದ್ದಾಳೆ. ನಾನು ತಿದ್ದಲಿಲ್ಲ.